ಅತ್ತೆಯ ಬರಹ, ನನ್ನ ಹೆಸರು

ಇದರಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ. ಅತ್ತೆಯದೂ ಇಲ್ಲ, ಹೆಂಡತಿಯದೂ ಇಲ್ಲ, ನನ್ನದಂತೂ ಬೇಡವೇ ಬೇಡ. ಅತ್ತೆ ಬದುಕಿನುದ್ದಕ್ಕೂ ಪಾಠ ಹೇಳಿದ, ವಿಕ್ಟೋರಿಯಾ ರಾಣಿಯ ಕಾಲದ ಆ ಕಾದಂಬರಿಕಾರ್ತಿಯ ಹೆಸರನ್ನೂ ಬರೆಯುವುದಿಲ್ಲ. ಒಂದು ಹೆಸರನ್ನು ಎಲ್ಲಿ ಇಡಬೇಕಿತ್ತೋ ಅಲ್ಲಿ ಇಡದೆ ನಾನು ಮಾಡಿಕೊಂಡ ಅನಾಹುತ ಇದು. ಹೆಸರುಗಳ ತಂಟೆಗೆ ಹೋಗಲು ನನಗೆ ಈಗ ಧೈರ್ಯ ಸಾಲದು.

ಅತ್ತೆ ಧಾರವಾಡದವರು. ಅಲ್ಲಿನ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಇಂಗ್ಲಿಷ್ ಸಾಹಿತ್ಯ ಕಲಿಸಿದವರು. ಮಾವ ತೀರಿಕೊಂಡು ಎರಡು ವರ್ಷವಾದ ಮೇಲೆ ಅವರಿಗೆ ಗ್ರೀನ್ ಕಾರ್ಡ್ ಬಂತು. ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ನಮ್ಮ ಟೌನ್‌ಹೌಸಿಗೆ ಬರುವಾಗ ತಂದ ಎರಡು ಸೂಟ್‌ಕೇಸುಗಳಲ್ಲಿ ಒಂದರ ತುಂಬ ಆ ಕಾದಂಬರಿಕಾರ್ತಿಯ ಪುಸ್ತಕಗಳೇ ಇದ್ದವು. ಪುಸ್ತಕಗಳ ಸಂದಿಯಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿಗಳನ್ನು ತುರುಕಿದ್ದರು. ಒಂದು ಡಬ್ಬಿಯ ಮುಚ್ಚಳ ವಿಮಾನದಲ್ಲಿ ಸಡಿಲಾಗಿ, ಒಂದು ದಪ್ಪ ಸಂಪುಟದ ಹಾಳೆ ಹಾಳೆಗೂ ಬೆಳ್ಳುಳ್ಳಿ ವಾಸನೆ ಹತ್ತಿಬಿಟ್ಟಿತ್ತು. ಅವರಿಗೆ ಅದರ ಬೇಸರವೇನೂ ಇರಲಿಲ್ಲ. "ಆಕಿಗೂ ಗೊತ್ತಾಗಲಿ ಬಿಡ್ರಿ, ಧಾರವಾಡದ ರುಚಿ" ಅಂದರು.

ಮೊದಲ ಚಳಿಗಾಲ ಅವರಿಗೆ ಕಷ್ಟವಾಯಿತು. ಹೆಂಡತಿ ಆಸ್ಪತ್ರೆಯ ಫಾರ್ಮಸಿಗೆ, ನಾನು ಬಸ್ಸಿನಲ್ಲಿ ಮ್ಯಾನ್‌ಹ್ಯಾಟನ್‌ಗೆ, ಮಗಳು ಸ್ಕೂಲಿಗೆ. ಡ್ರೈವ್‌ವೇಯಲ್ಲಿ ಐಸ್ ಕಟ್ಟಿದರೆ ಅವರು ಮೆಟ್ಟಿಲು ಇಳಿಯುವ ಹಾಗಿರಲಿಲ್ಲ. ಜನವರಿಯಲ್ಲಿ ಒಂದು ದಿನ ಮಗಳ ಹಳೆಯ ನೋಟ್‌ಬುಕ್ಕೊಂದನ್ನು ಕೇಳಿ ತೆಗೆದುಕೊಂಡು ಬರೆಯತೊಡಗಿದರು. ಬೆಳಿಗ್ಗೆ ಸ್ನಾನ ಮುಗಿಸಿ ಕಿಟಕಿಯ ಪಕ್ಕ ಕೂತರೆ ಮಧ್ಯಾಹ್ನದ ಊಟದವರೆಗೆ ಏಳುತ್ತಿರಲಿಲ್ಲವಂತೆ. ಮೂರು ವಾರವಾದ ಮೇಲೆ ಒಂದು ಭಾನುವಾರ ನನ್ನನ್ನು ಕರೆದು ಕೇಳಿದರು.

"ನಿಮಗ ಕಂಪ್ಯೂಟರಿನಾಗ ಕನ್ನಡ ಹೊಡಿಲಿಕ್ಕ ಬರತದಲ್ಲ?"

"ಬರತ್ತೆ ಅತ್ತೆ. ಸ್ವಲ್ಪ ನಿಧಾನ."

"ನಿಧಾನಾದ್ರ ಛಲೋನೇ ಆತು. ನಾ ಓದತೀನಿ, ನೀವು ಹೊಡೀರಿ. ನನ್ನ ಅಕ್ಷರ ಯಾರಿಗೂ ತಿಳಿಯಂಗಿಲ್ಲ."

ಹೀಗೆ ಶುರುವಾಯಿತು. ಪ್ರತಿ ಭಾನುವಾರ ತಿಂಡಿಯಾದ ಮೇಲೆ ಅಡಿಗೆಮನೆಯ ಮೇಜಿನ ಒಂದು ಬದಿ ಅವರು, ಇನ್ನೊಂದು ಬದಿ ಲ್ಯಾಪ್‌ಟಾಪ್ ಹಿಡಿದು ನಾನು. ಅವರು ಒಂದು ವಾಕ್ಯ ಓದಿ ನಿಲ್ಲಿಸುತ್ತಿದ್ದರು. ನಾನು ಟೈಪ್ ಮಾಡಿ ತಲೆಯಾಡಿಸಿದರೆ ಮುಂದಿನ ವಾಕ್ಯ. ಇಂಜಿನಿಯರಿಂಗ್ ಓದಿದ ನನಗೆ ಆ ಕಾದಂಬರಿಕಾರ್ತಿಯ ವಿಷಯ ಆವರೆಗೆ ಏನೇನೂ ಗೊತ್ತಿರಲಿಲ್ಲ. ಇಂಗ್ಲೆಂಡಿನ ನಡುನಾಡಿನ ಒಂದು ಹಳ್ಳಿ. ದೊಡ್ಡವರ ಎಸ್ಟೇಟನ್ನು ನೋಡಿಕೊಳ್ಳುತ್ತಿದ್ದ ಅಪ್ಪ. ಹದಿನಾರರಲ್ಲಿ ತಾಯಿ ಸತ್ತು ಮನೆಯ ಉಸ್ತುವಾರಿಯೆಲ್ಲ ಅವಳ ಪಾಲಿಗೆ ಬಂದದ್ದು. ಹಿಟ್ಟು ನಾದುತ್ತಲೇ ನಾಲ್ಕಾರು ಭಾಷೆ ಕಲಿತದ್ದು. ಇನ್ನು ಚರ್ಚಿಗೆ ಬರುವುದಿಲ್ಲ ಎಂದು ಅಪ್ಪನಿಗೆ ಎದುರು ನಿಂತದ್ದು. ಅಪ್ಪ ಹೋದ ಮೇಲೆ ಲಂಡನ್ನಿಗೆ ಬಂದು ದೊಡ್ಡ ಪತ್ರಿಕೆಯೊಂದನ್ನು ಅವಳೇ ನಡೆಸಿದಳು. ಹೊರಗೆ ಸಂಪಾದಕನೆಂದು ಇನ್ನೊಬ್ಬ ಗಂಡಸಿನ ಹೆಸರು. ಆಮೇಲೆ, ಕಾನೂನಿನ ಪ್ರಕಾರ ಹೆಂಡತಿಯನ್ನು ಬಿಡಲಾಗದಿದ್ದ ಒಬ್ಬನ ಜೊತೆ ಬಾಳಿದ್ದಕ್ಕೆ ಊರೆಲ್ಲ ಬಾಗಿಲು ಮುಚ್ಚಿಕೊಂಡಿತು, ಒಡಹುಟ್ಟಿದ ಅಣ್ಣ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಮಾತು ಬಿಟ್ಟ. ಮೊದಲ ಕಥೆ ಅಚ್ಚಾದಾಗ ಅವಳಿಗೆ ಮೂವತ್ತೇಳು. ಅದೂ ಗಂಡಸಿನ ಹೆಸರಿನಲ್ಲಿ.

ಇಷ್ಟನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಆದರೆ ಅತ್ತೆ ಬರೆದ ರೀತಿ ಬೇರೆ. ಅವಳನ್ನು ತಮ್ಮ ಓಣಿಯಲ್ಲಿ, ಎರಡು ಮನೆ ಆಚೆ ಇದ್ದವಳ ಹಾಗೆ ಬರೆದಿದ್ದರು. ಲೇಖನದ ಮುಖ್ಯ ಭಾಗ ಒಂದು ವಿಚಿತ್ರ ಘಟನೆ. ಗಂಡಸಿನ ಹೆಸರಿನ ಹಿಂದೆ ಯಾರಿದ್ದಾರೆಂದು ಜನ ತಲೆ ಕೆಡಿಸಿಕೊಂಡಿದ್ದಾಗ, ಅವಳದೇ ಸೀಮೆಯ ಒಬ್ಬ ಬಡವ, ಬೇಕರಿಯವನ ಮಗ, ಓದು ಅರ್ಧಕ್ಕೇ ಬಿಟ್ಟವನು, ಅವನೇ ಅದನ್ನೆಲ್ಲ ಬರೆದದ್ದು ಎಂದು ಸುದ್ದಿ ಹಬ್ಬಿತು. ಅಭಿಮಾನಿಗಳು ಮನೆಗೇ ಹೋಗಿ ಅವನನ್ನು ನೋಡಿ ಬಂದರು. ಅವನು ಇಲ್ಲವೆನ್ನಲಿಲ್ಲ. ಕೊನೆಗೆ ಅವಳೇ ಬೆಳಕಿಗೆ ಬಂದು, ಬರೆದವಳು ನಾನು ಎಂದು ಹೇಳಿಕೊಳ್ಳಬೇಕಾಯಿತು. ಅತ್ತೆ ಬರೆದಿದ್ದರು: ಆ ಮನುಷ್ಯ ಬಾಯಿಬಿಟ್ಟು ಸುಳ್ಳು ಹೇಳುವ ಮೊದಲೇ ಸುಳ್ಳಾಡಿದ್ದ, ಸುಮ್ಮನಿದ್ದನಲ್ಲ, ಅಲ್ಲೇ. ಈ ವಾಕ್ಯವನ್ನು ನನ್ನ ಎರಡು ಕೈಗಳಿಂದ ನಾನೇ ಟೈಪ್ ಮಾಡಿದೆ. ಒಂದು ಅಕ್ಷರ ತಪ್ಪಿತ್ತು, ತಿದ್ದಿದೆ ಕೂಡ.

ನನ್ನ ವಿಷಯ ಒಂದು ಹೇಳಬೇಕು. ಮೈಸೂರಿನಲ್ಲಿ ಕಾಲೇಜಿನಲ್ಲಿದ್ದಾಗ ಒಂದು ಕಥೆಗೆ ನನಗೆ ಬಹುಮಾನ ಬಂದಿತ್ತು. ಬರಹಗಾರನಾಗುತ್ತೇನೆ ಅಂದುಕೊಂಡಿದ್ದೆ. ಅಮೆರಿಕಕ್ಕೆ ಬಂದ ಮೇಲೆ ಬರೆದದ್ದು ಆಫೀಸಿನ ಈಮೇಲ್ ಮಾತ್ರ. ಅತ್ತೆಯ ಲೇಖನ ಟೈಪ್ ಮಾಡುವಾಗ ಅಲ್ಲೊಂದು ಇಲ್ಲೊಂದು ಪದ ಬದಲಾಯಿಸಲು ಹೇಳುತ್ತಿದ್ದೆ. ಅವರು ಕೆಲವನ್ನು ಒಪ್ಪುತ್ತಿದ್ದರು. "ಹಾಂ, ಇದು ಛಲೋ ಆತು ನೋಡ್ರಿ" ಅಂದರೆ ನನಗೆ ದಿನವಿಡೀ ಖುಷಿ. ಎಲ್ಲ ಸೇರಿ ಹತ್ತೋ ಹನ್ನೆರಡೋ ಪದ ಇರಬಹುದು. ಮುಂದೆ ಮನಸ್ಸು ನೆಪ ಹುಡುಕಿದಾಗ ಆ ಹನ್ನೆರಡು ಪದಗಳೇ ಒದಗಿ ಬಂದವು.

ನಮ್ಮ ಕಡೆಯ ಕನ್ನಡ ಸಂಘದವರು ವರ್ಷಕ್ಕೊಂದು ಸಂಚಿಕೆ ತರುತ್ತಾರೆ. ಅದಕ್ಕೆ ಲೇಖನ ಕಳಿಸೋಣವೇ ಎಂದು ನಾನೇ ಕೇಳಿದೆ. ಅತ್ತೆ ಮೊದಲು ಬೇಡವೆಂದರು, ಆಮೇಲೆ, "ಕಳಸ್ರಿ. ಇಲ್ಲೆ ಇದನ್ನ ಓದವರು ಯಾರರ ಇದ್ರ ಓದ್ಲಿ" ಅಂದರು. ಮರುದಿನ ಆಫೀಸಿನಲ್ಲಿ ಊಟದ ಹೊತ್ತಿಗೆ ನನ್ನ ಈಮೇಲಿನಿಂದ ಕಳಿಸಿದೆ. ಲೇಖನದ ತಲೆಯಲ್ಲಿ ಶೀರ್ಷಿಕೆ ಇತ್ತು, ಬರೆದವರ ಹೆಸರು ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಈಮೇಲಿನಲ್ಲಿ ಬರೆದರಾಯಿತು ಅಂದುಕೊಂಡೆ. ಬರೆದದ್ದು ಮಾತ್ರ, "ಲೇಖನ ಲಗತ್ತಿಸಿದ್ದೇನೆ, ದಯವಿಟ್ಟು ನೋಡಿ" ಎಂದಷ್ಟೇ. ಮರೆತೆನೇ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮರೆತೆ ಎಂದು ಆಣೆ ಮಾಡಿ ಹೇಳಲಾರೆ.

ಎರಡು ದಿನದ ಮೇಲೆ, ಬಸ್ಸಿನಲ್ಲಿ ಮನೆಗೆ ಬರುತ್ತಿದ್ದಾಗ ಸಂಪಾದಕರ ಫೋನ್ ಬಂತು. ಬೆಂಗಳೂರಿನವರು, ನನಗಿಂತ ಚಿಕ್ಕವರು.

"ಸಾರ್, ಒನ್ ಸಿಟಿಂಗಲ್ಲಿ ಓದಿಬಿಟ್ಟೆ! ನಮ್ಮ ನಡುವೆ ಇಂಥ ರೈಟರ್ ಇದ್ದಾರೆ ಅಂತ ಗೊತ್ತೇ ಇರ್ಲಿಲ್ಲ. ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ರಿ?"

ನಾನು ನಕ್ಕೆ. 'ನಾನಲ್ಲ, ನಮ್ಮ ಅತ್ತೆ' ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಬಾಯಿಗೆ ಬಂದದ್ದು, "ಏನೋ, ಚಳಿಗಾಲದಲ್ಲಿ ಟೈಮ್ ಸಿಕ್ತು."

"ಫಸ್ಟ್ ಪೇಜಲ್ಲೇ ಹಾಕ್ತೀವಿ ಸಾರ್."

"ಥ್ಯಾಂಕ್ಸ್" ಅಂದೆ.

ಪಕ್ಕದ ಸೀಟಿನವನು ನಿದ್ದೆ ಮಾಡುತ್ತಿದ್ದ. ಮತ್ತೆ ಫೋನ್ ಮಾಡಿ ಸರಿಪಡಿಸಬೇಕು ಎಂದು ನಮ್ಮ ಸ್ಟಾಪು ಬರುವವರೆಗೂ ಅಂದುಕೊಳ್ಳುತ್ತಲೇ ಇದ್ದೆ. ಇಳಿದು ಕಾರ್ ಹತ್ತಿದೆ. ಮನೆಗೆ ಬಂದೆ. ಅತ್ತೆ ಚಹಾ ಮಾಡಿ ಕೊಟ್ಟರು. ಲೇಖನ ತಗೊಂಡರಂತೆ ಎಂದು ಹೇಳಿದೆ. ಅವರ ಮುಖ ಎಷ್ಟು ಅರಳಿತು ಎಂದರೆ ನಾನು ಕಪ್ಪು ಎತ್ತಿಕೊಂಡು ಬೇರೆ ಕೋಣೆಗೆ ಹೋದೆ.

ಸಂಚಿಕೆ ಅಂಚೆಯಲ್ಲಿ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಸಂಜೆ ಬಂದಾಗ ಅದು ಮೇಜಿನ ಮೇಲೆ, ಮೊದಲ ಪುಟ ತೆರೆದೇ ಇತ್ತು. ಶೀರ್ಷಿಕೆಯ ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು, ಪಕ್ಕದಲ್ಲಿ ಎಲ್ಲಿಂದಲೋ ತೆಗೆದ ನನ್ನ ಫೋಟೋ. ಅತ್ತೆ ಸೌತೆಕಾಯಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ಎರಡು ಅಚ್ಚಿನ ತಪ್ಪು ಅದಾವ" ಅಂದರು.

"ಅಯ್ಯೋ, ಇದೇನು ಅತ್ತೆ, ನನ್ನ ಹೆಸರು ಹಾಕಿಬಿಟ್ಟಿದ್ದಾರೆ! ನನ್ನ ಈಮೇಲಿಂದ ಹೋಯ್ತಲ್ಲ, ಕನ್‌ಫ್ಯೂಸ್ ಆಗಿರಬೇಕು. ಈಗಲೇ ಫೋನ್ ಮಾಡ್ತೀನಿ."

"ಹೂಂ."

ಆ 'ಹೂಂ'ನಲ್ಲಿ ಸಿಟ್ಟಿರಲಿಲ್ಲ. ಮೂವತ್ತು ವರ್ಷ ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆ ಮಾಡಿದ ಹೆಂಗಸು, ಕಾಪಿ ಹೊಡೆಯುತ್ತಿರುವ ಹುಡುಗಿಯ ಪಕ್ಕ ಸುಮ್ಮನೆ ಹಾದು ಹೋಗುವ ಹಾಗಿತ್ತು. ಹೆಂಡತಿ ಬಂದಾಗ ಅವಳಿಗೂ ಅದೇ ಸುಳ್ಳು ಹೇಳಿದೆ. ಅವಳು ಸಂಘದವರನ್ನು ಬೈದಳು. ನಾನು ಫೋನ್ ಮಾಡಲಿಲ್ಲ. ಒಂದು ವಾರ ಬಿಟ್ಟು ಅವಳು ಕೇಳಿದಾಗ, ಮಾಡಿದ್ದೇನೆ, ಅವರು ನೋಡುತ್ತಾರಂತೆ ಅಂದೆ. ಅತ್ತೆ ಕೇಳಲೇ ಇಲ್ಲ.

ಯುಗಾದಿ ಸಮಾರಂಭದಲ್ಲಿ ಲೇಖನದ ಬಗ್ಗೆ ಮಾತಾಡಬೇಕೆಂದು ಸಂಘದವರು ಕರೆದಾಗಲಾದರೂ ನಾನು ನಿಲ್ಲಿಸಬೇಕಿತ್ತು. ಒಪ್ಪಿಕೊಂಡೆ. ಅಲ್ಲಿ ವೇದಿಕೆಯ ಮೇಲೆ ನಿಂತು ನಿಜ ಹೇಳಿಬಿಡುತ್ತೇನೆ, ಅದಕ್ಕಿಂತ ಒಳ್ಳೆಯ ಜಾಗ ಸಿಗಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾರಂಭ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ. ಅತ್ತೆ ಬರುವುದಿಲ್ಲವೆಂದುಕೊಂಡಿದ್ದೆ. ಹೊರಡುವ ಹೊತ್ತಿಗೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದರು.

ಮೂರನೇ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತರು. ಸಂಪಾದಕರು ನನ್ನನ್ನು ಹೊಗಳಿ ಪರಿಚಯ ಮಾಡಿದರು. ನಾನು ಮೈಕಿನ ಮುಂದೆ ನಿಂತು ಹೆಂಡತಿಯ ಮುಖ ನೋಡಿದೆ. ಸಂಘದವರ ತಪ್ಪನ್ನು ಈಗ ಇವರು ಸರಿಮಾಡುತ್ತಾರೆ ಎಂದು ಅವಳು ಕಾಯುತ್ತಿದ್ದದ್ದು ಕಾಣುತ್ತಿತ್ತು. ಆಗ ಬಾಯಿಬಿಟ್ಟರೆ ಅವಳಿಗೆ ಹೇಳಿದ ಎರಡು ಸುಳ್ಳನ್ನೂ ನೂರಾರು ಜನರ ಮುಂದೆ ಒಪ್ಪಿಕೊಳ್ಳಬೇಕಿತ್ತು. "ಈ ಲೇಖನಕ್ಕೆ ನಮ್ಮ ಅತ್ತೆಯವರ ಸಹಾಯ ಬಹಳ ಇದೆ" ಅಂದೆ. ಚಪ್ಪಾಳೆ ಬಿತ್ತು. ಸಹಾಯ!

ಇಪ್ಪತ್ತು ನಿಮಿಷ ಮಾತಾಡಿದೆ. ಲೇಖನದ ಸಾಲುಗಳೇ. ಕೊನೆಗೆ ಮಂಗಳೂರು ಕಡೆಯ ಒಬ್ಬ ಹಿರಿಯ ಡಾಕ್ಟರು ಎದ್ದು ನಿಂತು ಕೇಳಿದರು: "ಅಲ್ಲ ಮಾರಾಯ್ರೆ, ಆ ಸುಮ್ಮನೆ ಹೆಸರು ತಕ್ಕೊಂಡ ಮನುಷ್ಯ, ಅವನು ಕಡೆಗೆ ಏನಾದ? ಅದನ್ನು ನೀವು ಬರೆಯಲೇ ಇಲ್ಲ."

ನನಗೆ ಗೊತ್ತಿರಲಿಲ್ಲ. ಅತ್ತೆ ಅದನ್ನು ಬರೆದಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ನೀರಿನ ಬಾಟಲಿ ತೆರೆದು ಕುಡಿದೆ. ಮತ್ತೆ ಮುಚ್ಚಿದೆ. ಅಷ್ಟರಲ್ಲಿ ಮೂರನೇ ಸಾಲಿನಿಂದ ದನಿ ಬಂತು.

"ನಾ ಒಂದು ಮಾತು ಹೇಳಬಹುದೇನ್ರಿ?"

ಅತ್ತೆ ನಿಂತಿದ್ದರು. ಮೈಕ್ ಬೇಕಾಗಲಿಲ್ಲ. "ಅಂವಾ ಬಡವರ ಆಶ್ರಮದಾಗ ಸತ್ತ್ರಿ. ಆಕಿ ಅಂವನ ಮ್ಯಾಲೆ ಕೋರ್ಟಿಗೆ ಹೋಗಲಿಲ್ಲ, ಆದ್ರ ಆ ನೋವು ಭಾಳ ದಿನ ಇತ್ತು. ಹೆಸರು ಮುಚ್ಚಿಟ್ಟು ಬರದಾಕಿಗೆ ಒಂದ ಧೈರ್ಯ ಇತ್ತು, ಬರದದ್ದು ನಂದು ಅಂತ. ಅದಕ್ಕs ಅಂವಾ ಕೈಹಾಕಿದ್ದ." ಇಷ್ಟು ಹೇಳಿ ಕೂತರು.

ಚಪ್ಪಾಳೆ ಬಿತ್ತು. ನನ್ನನ್ನು ಉಳಿಸಿದ್ದರು. ಹೊರಗೆ ಬೇವುಬೆಲ್ಲ ಹಂಚುತ್ತಿದ್ದ ಕಡೆ ಒಬ್ಬ ಹೆಣ್ಣುಮಗಳು ಅವರ ಕೈ ಹಿಡಿದು, "ಆಂಟಿ, ಅಳಿಯನ ಆರ್ಟಿಕಲ್ ಎಷ್ಟು ಚೆನ್ನಾಗಿ ಸ್ಟಡಿ ಮಾಡಿದ್ದೀರ!" ಅಂದಳು.

"ಹೌದವಾ" ಅಂದರು ಅತ್ತೆ. "ಭಾಳ ಸಲ ಓದೀನಿ."

ಮನೆಗೆ ಬರುವಾಗ ಕಾರಿನಲ್ಲಿ ಹೆಂಡತಿ ಒಂದೇ ಸಲ ನನ್ನ ಕಡೆ ತಿರುಗಿ ನೋಡಿ ಮತ್ತೆ ಕಿಟಕಿಯತ್ತ ತಿರುಗಿದಳು.

ಮುಂದಿನ ಶನಿವಾರ ಅವಳಿಗೆ ಡ್ಯೂಟಿ ಇತ್ತು. ಅತ್ತೆಯನ್ನು ಫ್ಲಶಿಂಗ್‌ನ ಗಣಪತಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗುತ್ತೇನೆಂದು ಮೊದಲೇ ಮಾತು ಕೊಟ್ಟಿದ್ದೆ. ಸೇತುವೆಗಳ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಡ್ರೈವ್ ಮಾಡಿದೆ. ಪ್ರತಿ ಸಿಗ್ನಲ್ಲಿನಲ್ಲೂ ಈಗ ಹೇಳುತ್ತೇನೆ ಅಂದುಕೊಂಡೆ. ದರ್ಶನ ಮುಗಿಸಿ ಕೆಳಗಿನ ಕ್ಯಾಂಟೀನಿಗೆ ಇಳಿದೆವು. ದೋಸೆಯ ತಟ್ಟೆ ಹಿಡಿದವರ ನೂಕುನುಗ್ಗಲು, ಟೋಕನ್ ಸಂಖ್ಯೆ ಕೂಗುವ ಗದ್ದಲ. ಮೂಲೆಯಲ್ಲಿ ಎರಡು ಕುರ್ಚಿ ಸಿಕ್ಕವು.

"ಅತ್ತೆ, ನಾನು ಸಂಘದವರಿಗೆ ಫೋನ್ ಮಾಡ್ಲಿಲ್ಲ."

"ಗೊತ್ತದ."

"ಅವರೇ ಫೋನ್ ಮಾಡಿದ್ರು. ನಾನೇ ಬರೆದೆ ಅಂದ್ಕೊಂಡು ಹೊಗಳಿದ್ರು. ನಾನು ಇಲ್ಲ ಅನ್ನಲಿಲ್ಲ. ಅವರು ತಪ್ಪು ಮಾಡ್ಲಿಲ್ಲ, ನಾನೇ…" ನಲವತ್ತೆಂಟು ವರ್ಷದ ನಾನು ಪ್ಲಾಸ್ಟಿಕ್ ಚಮಚದಿಂದ ಚಟ್ನಿ ಕಲಸುತ್ತ ಕೂತೆ.

ಅತ್ತೆ ದೋಸೆಯ ತುಂಡನ್ನು ಬಾಯಿಗಿಟ್ಟು ನಿಧಾನವಾಗಿ ತಿಂದರು. ಆಮೇಲೆ ಹೇಳಿದರು. ಮೂವತ್ತು ವರ್ಷದ ಹಿಂದೆ, ಅವರ ವಿಭಾಗದ ಮುಖ್ಯಸ್ಥರಾಗಿದ್ದವರು ಬಿ.ಎ. ವಿದ್ಯಾರ್ಥಿಗಳಿಗೆ ಒಂದು ಗೈಡ್ ಅಚ್ಚು ಹಾಕಿಸಿದರು. ಅದರಲ್ಲಿದ್ದದ್ದೆಲ್ಲ ಅತ್ತೆಯ ಕ್ಲಾಸಿನ ಟಿಪ್ಪಣಿ. ಹೆಸರು ಮುಖ್ಯಸ್ಥರದು. ಮಾವ, ಹೋಗಲಿ ಬಿಡು, ನೌಕರಿಗೆ ತೊಂದರೆ ಬೇಡ ಅಂದರಂತೆ. ಅದಾದ ಮೇಲೆ ಅತ್ತೆ ಒಂದು ಸಾಲನ್ನೂ ಕಾಗದದ ಮೇಲೆ ಇಟ್ಟಿರಲಿಲ್ಲ. ಈ ಮನೆಯ ಕಿಟಕಿಯ ಪಕ್ಕ ಕೂತಾಗಲೇ ಮತ್ತೆ ಪೆನ್ನು ಹಿಡಿದದ್ದು.

"ಇದು ನನ್ನ ಮನಿ ಅಂತ ಬರದೆ" ಅಂದರು. "ಹೊರಗಿನವರು ತಗೊಂಡ್ರ ಸಿಟ್ಟು ಬರತದ. ಮನಿಯವರು ತಗೊಂಡ್ರ ಏನು ಬರಬೇಕು, ನೀವs ಹೇಳ್ರಿ. ಕೇಳಿದ್ರ ಕೊಡತಿದ್ದೆನೋ ಏನೋ. ನೀವು ಕೇಳಲೂ ಇಲ್ಲ."

"ಕ್ಷಮಿಸಿ ಅತ್ತೆ. ಎಲ್ಲರಿಗೂ ಹೇಳ್ತೀನಿ. ಬರೆದು ಹಾಕಿಸ್ತೀನಿ."

"ಮೊದಲ ನಿಮ್ಮ ಹೆಂಡತಿಗೆ ಹೇಳ್ರಿ."

ಅಂದು ಸಂಜೆಯೇ ಹೇಳಿದೆ. ಹೆಂಡತಿ ಕೂಗಾಡಲಿಲ್ಲ. "ಇಷ್ಟು ದಿನಾ ಅವ್ವ ನನ್ನ ಮುಂದೂ ಬಾಯಿ ಬಿಡಲಿಲ್ಲ" ಅಂದಳು. "ನನ್ನ ಸಂಸಾರದ ಸಲುವಾಗಿ ನುಂಗಿಕೊಂಡಾಳ. ನಿಮಗ ಅದರ ಅಂದಾಜರ ಅದ ಏನು?" ಆಮೇಲೆ ಹದಿನೈದು ದಿನ ಎಷ್ಟು ಬೇಕೋ ಅಷ್ಟೇ ಮಾತು.

ಸಂಘದ ತಿಂಗಳ ಪತ್ರಕ್ಕೆ ಒಂದು ಪುಟ ಬರೆದು ಕಳಿಸಿದೆ. ಆ ಲೇಖನ ನನ್ನದಲ್ಲ, ಒಂದೊಂದು ಸಾಲೂ ಅತ್ತೆಯದು, ನಾನು ಟೈಪ್ ಮಾಡಿದವನು ಮಾತ್ರ, ಹೊಗಳಿಕೆ ಬಂದಾಗ ಗೊತ್ತಿದ್ದೂ ಸುಮ್ಮನಿದ್ದೆ. ಸಂಪಾದಕರ ಫೋನ್ ಬಂತು.

"ಸಾರ್, ಇಷ್ಟು ಹಾರ್ಶ್ ಆಗಿ ಯಾಕೆ? ಓದೋರಿಗೆ ಅಕ್ವರ್ಡ್ ಆಗತ್ತೆ. ಸಂಘಕ್ಕೂ ಚೆನ್ನಾಗಿ ಕಾಣಲ್ಲ. ನಾನು ಸ್ವಲ್ಪ ಎಡಿಟ್ ಮಾಡ್ಲಾ? ಮ್ಯಾಟರ್ ಅದೇ ಇರತ್ತೆ."

ಬೇಡ ಅನ್ನಬೇಕಿತ್ತು. ನಾಚಿಕೆಯಿಂದ ಮೈ ಹಿಡಿಯಾಗಿತ್ತು, ಪತ್ರ ಸ್ವಲ್ಪ ಮೆತ್ತಗಾದರೆ ಆಗಲಿ ಎಂಬ ಆಸೆಯೂ ಇತ್ತು. "ನಿಮ್ಮಿಷ್ಟ" ಅಂದೆ.

ಅಚ್ಚಾಗಿ ಬಂದದ್ದು ಆರು ಸಾಲು. ತಲೆಬರಹ 'ಅತ್ತೆಗೆ ಅಳಿಯನ ನಮನ'. ಗೊತ್ತಿದ್ದೂ ಸುಮ್ಮನಿದ್ದೆ ಎಂಬ ಮಾತು ಎಲ್ಲೂ ಇರಲಿಲ್ಲ. ಲೇಖನದ ನಿಜವಾದ ಶ್ರೇಯಸ್ಸು ಅತ್ತೆಯವರಿಗೆ ಸಲ್ಲಬೇಕೆಂದು ಲೇಖಕರು ವಿನಯದಿಂದ ತಿಳಿಸಿದ್ದಾರೆ ಎಂದಿತ್ತು. ಲೇಖಕರು ಎಂದರೆ ನಾನು! ಆ ವಾರ ನನಗೆ ಬಂದಷ್ಟು ಅಭಿನಂದನೆ ಲೇಖನ ಬಂದಾಗಲೂ ಬಂದಿರಲಿಲ್ಲ. ಎಂಥ ದೊಡ್ಡ ಗುಣ, ಈ ಕಾಲದಲ್ಲಿ ಅತ್ತೆಗೆ ಯಾರು ಇಷ್ಟು ಗೌರವ ಕೊಡುತ್ತಾರೆ ಎಂದು ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದಾಗಲೂ ಒಬ್ಬರು ನಿಲ್ಲಿಸಿ ಹೇಳಿದರು. "ಇಲ್ಲ ಅಂಕಲ್, ನಿಜವಾಗ್ಲೂ ಅವರೇ ಬರೆದದ್ದು, ನಾನು ಮೋಸ ಮಾಡಿದೆ" ಅಂದೆ. ಅವರು ನಕ್ಕು ಬೆನ್ನು ತಟ್ಟಿದರು.

ಅತ್ತೆ ಆ ಆರು ಸಾಲನ್ನು ಕನ್ನಡಕ ಹಾಕಿಕೊಂಡು ಓದಿದರು. "ಈಗ ನೋಡ್ರಿ" ಅಂದರು, "ಖರೇ ಹೇಳಿದ್ದರ ಹೆಸರೂ ನಿಮಗs ಬಂತು." ಅಂದದ್ದು ನಗುತ್ತಲೇ. ಮೂಲ ಪತ್ರವನ್ನು ಪೂರ್ತಿಯಾಗಿ ಹಾಕಲೇಬೇಕೆಂದು ಸಂಪಾದಕರಿಗೆ ಮೂರು ಸಲ ಬರೆದೆ. ಅವರು ಮೊದಲು ಆಯಿತು ಅಂದರು, ಆಮೇಲೆ ಉತ್ತರ ಬರಲಿಲ್ಲ. ಕೊನೆಗೆ ಸಂಘದ ಸದಸ್ಯರ ಈಮೇಲ್ ಗುಂಪಿಗೆ ನಾನೇ ನೇರವಾಗಿ ಕಳಿಸಿದೆ. ಮೂವರು ಉತ್ತರಿಸಿದರು. ಅವರಲ್ಲಿ ಆ ಹಿರಿಯ ಡಾಕ್ಟರು ಒಬ್ಬರೇ ಸರಿಯಾದ ಮಾತು ಬರೆದದ್ದು: "ಕೆಟ್ಟ ಕೆಲಸ ಮಾಡಿದಿರಿ. ಹೇಳಿದ್ದು ಒಳ್ಳೆಯದಾಯಿತು. ಆ ಅಮ್ಮನವರಿಗೆ ನನ್ನ ನಮಸ್ಕಾರ ತಿಳಿಸಿ." ಅದನ್ನು ಅತ್ತೆಗೆ ತೋರಿಸಿದೆ. ಎರಡು ಸಲ ಓದಿದರು.

ಭಾನುವಾರಗಳು ಮತ್ತೆ ಬಂದವು. ನಾನು ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು ಕೂತೆ. ಅತ್ತೆ ಕಾಳು ಆರಿಸುತ್ತಿದ್ದರು.

"ಬರದದ್ದು ಏನರ ಇದೆಯಾ ಅತ್ತೆ?" ಅವರ ಭಾಷೆಯಲ್ಲೇ ಕೇಳಲು ಹೋಗಿ ಎಡವಟ್ಟಾಯಿತು.

"ಅದ" ಅಂದರು. "ಆದ್ರ ನೀವು ಬ್ಯಾಡ್ರಿ."

ಅಷ್ಟೇ. ಹಿಂದಿನ ಬೀದಿಯಲ್ಲಿ ಉಡುಪಿ ಕಡೆಯ ಒಬ್ಬ ಕೆಥೊಲಿಕ್ ಹೆಂಗಸಿದ್ದಾರೆ, ನಿವೃತ್ತ ನರ್ಸ್. ಅತ್ತೆಯೂ ಅವರೂ ಬೇಸಿಗೆಯಲ್ಲಿ ಜೊತೆಯಾಗಿ ವಾಕಿಂಗ್ ಹೋಗುತ್ತಿದ್ದರು. ಅವರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬರುತ್ತಿರಲಿಲ್ಲ. ಅತ್ತೆಗೋಸ್ಕರ ಎರಡು ತಿಂಗಳು ಕೂತು ಕಲಿತರು. "ಒಂದೊಂದು ಒತ್ತಕ್ಷರ ಹುಡುಕ್ಲಿಕ್ಕೆ ಹೋಗಿ ನನ್ನ ತಲೆ ತಿರುಗ್ತದೆ ಮಾರಾಯ್ರೆ" ಎಂದು ನನ್ನ ಬಳಿಯೇ ದೂರುತ್ತಾರೆ. ನಾನು ಮಾಡಿದ್ದು ಅವರಿಗೆ ಎಷ್ಟು ಗೊತ್ತೋ ನನಗೆ ತಿಳಿಯದು.

ಕಳೆದ ವರ್ಷ ಅತ್ತೆ ಆ ಕಾದಂಬರಿಕಾರ್ತಿಯ ಅಣ್ಣನ ಬಗ್ಗೆ ಬರೆದರು. ಬಾಳಸಂಗಾತಿ ತೀರಿಕೊಂಡು ಅವಳು ಅರವತ್ತರಲ್ಲಿ ಇನ್ನೊಬ್ಬನನ್ನು ಕಾನೂನುಬದ್ಧವಾಗಿ ಮದುವೆಯಾದ ಮೇಲೆ ಅವನು ಕಳಿಸಿದ ಒಂದು ಚಿಕ್ಕ ಪತ್ರ, ಅದನ್ನು ಅವಳು ಎಷ್ಟು ಸಂತೋಷದಿಂದ ತೆಗೆದುಕೊಂಡಳು, ಆಮೇಲೆ ಅವಳಿಗೆ ಉಳಿದದ್ದು ಎಷ್ಟು ಕಡಿಮೆ ದಿನ. ಕರ್ನಾಟಕದ ಒಂದು ಮಾಸಪತ್ರಿಕೆ ಅದನ್ನು ಅವರ ಹೆಸರಿನಲ್ಲಿ ಪ್ರಕಟಿಸಿತು. ನನಗೆ ಗೊತ್ತಾದದ್ದು ಧಾರವಾಡದಿಂದ ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ನಮ್ಮ ಮನೆಗೆ ಫೋನ್ ಮಾಡಿದಾಗ. ಎಲ್ಲರಂತೆ ನಾನೂ ಆನ್‌ಲೈನ್ ಹುಡುಕಿ ಓದಿದೆ. ಚೆನ್ನಾಗಿದೆ ಅತ್ತೆ, ಅಂದೆ. "ಓದಿದ್ರೇನು? ಥ್ಯಾಂಕ್ಸ್ ರೀ" ಅಂದರು, ಪರಿಚಯವಿಲ್ಲದ ಓದುಗನಿಗೆ ಹೇಳುವ ಹಾಗೆ.

ಬೇರೆ ಯಾವುದರಲ್ಲೂ ಅವರು ಬದಲಾಗಿಲ್ಲ. ಸಂಜೆ ನಾನು ಬಂದರೆ ಚಹಾ ಕೊಡುತ್ತಾರೆ, ಮೊಣಕಾಲು ನೋವಿಗೆ ಯಾವ ಎಣ್ಣೆ ತರಬೇಕೆಂದು ನನಗೇ ಹೇಳುತ್ತಾರೆ, ನನ್ನ ತಾಯಿಯ ಆರೋಗ್ಯ ವಿಚಾರಿಸುತ್ತಾರೆ. ಭಾನುವಾರ ಬೆಳಿಗ್ಗೆ ಮಾತ್ರ ಆ ನರ್ಸಮ್ಮ ಬರುತ್ತಾರೆ. ಇಬ್ಬರೂ ಅಡಿಗೆಮನೆಯ ಮೇಜಿಗೆ ಕೂರುತ್ತಾರೆ. ಅತ್ತೆ ಓದುವ ದನಿ ಮಹಡಿಯವರೆಗೂ ಕೇಳುತ್ತದೆ, ಪದಗಳು ಸ್ಪಷ್ಟವಾಗುವುದಿಲ್ಲ. ನೀರಿಗೋ ಕಾಫಿಗೋ ನಾನು ಕೆಳಗಿಳಿದರೆ ಓದು ನಿಲ್ಲುತ್ತದೆ. ಅತ್ತೆ ಕೈಯಲ್ಲಿದ್ದ ಹಾಳೆಯನ್ನು ಮಗುಚಿಟ್ಟು, "ಏನು ಬೇಕಾಗಿತ್ರಿ?" ಎಂದು ಕೇಳುತ್ತಾರೆ. ಏನೂ ಇಲ್ಲ ಅತ್ತೆ, ನೀವು ಮಾಡಿ, ಅನ್ನುತ್ತೇನೆ. ಲೋಟ ತುಂಬಿಸಿಕೊಂಡು ಬೇಗ ಮೇಲೆ ಹೋಗುತ್ತೇನೆ.